ಸೈಡಿಂಗ್ ಇಲ್ಲದೆ ರೈಲಿನಲ್ಲಿ ಮೆಕ್ಕೆಜೋಳ ಕಳಿಸಬಹುದೇ?

ಪ್ರಶ್ನೆ: ದಾವಣಗೆರೆ ಹತ್ತಿರ ನಮ್ಮ ಮೆಕ್ಕೆಜೋಳದ ಗೋದಾಮಿದೆ. ತಮಿಳುನಾಡಿನ ನಾಮಕ್ಕಲ್‌ನ ಕೋಳಿ ಆಹಾರದ ಕಾರ್ಖಾನೆಗಳಿಗೆ ಲಾರಿಯಲ್ಲಿ ಕಳಿಸುತ್ತೇವೆ. ರೈಲಿಗೆ ಬಾಡಿಗೆ ಕಡಿಮೆ ಅಂತಾರೆ. ಆದರೆ ಗೋದಾಮಿನವರೆಗೆ ಬರುವ ಸ್ವಂತ ರೈಲು ಹಳಿ, ಅಂದರೆ ಸೈಡಿಂಗ್, ನಮಗೂ ಇಲ್ಲ, ಅವರಿಗೂ ಇಲ್ಲ. ಏನು ಮಾಡಬಹುದು?

ಉತ್ತರ: ಕಳಿಸಬಹುದು. ಸ್ಟೇಷನ್‌ನಲ್ಲಿ ಯಾರ ಮಾಲನ್ನಾದರೂ ರೈಲಿಗೆ ಹತ್ತಿಸಿ ಇಳಿಸುವ ಜಾಗ, ಅಂದರೆ ಗೂಡ್ಸ್ ಶೆಡ್, ಇರುವುದೇ ನಿಮ್ಮಂಥವರಿಗೆ. ಆದರೆ ಸುಮ್ನೆ ರೈಲಿನ ಬಾಡಿಗೆಯೊಂದನ್ನೇ ನೋಡಿ ಹೊರಡಬೇಡಿ. ಲಾರಿಯಲ್ಲಾದರೆ ಚೀಲಕ್ಕೆ ಎರಡೇ ಸಲ ಹಮಾಲಿ. ರೈಲಿಗೆ ನಾಲ್ಕು: ಗೋದಾಮಿನಿಂದ ಲಾರಿಗೆ, ಲಾರಿಯಿಂದ ವ್ಯಾಗನ್‌ಗೆ, ಅಲ್ಲಿ ವ್ಯಾಗನ್‌ನಿಂದ ಲಾರಿಗೆ, ಲಾರಿಯಿಂದ ಕಾರ್ಖಾನೆಗೆ. ಪ್ರತಿ ಸಲವೂ ಕೊಕ್ಕೆ ಬಿದ್ದು ಒಂದಷ್ಟು ಚೀಲ ಹರಿಯುತ್ತವೆ. ಎರಡೂ ಕಡೆಯ ಲಾರಿ ಬಾಡಿಗೆ ಬೇರೆ. ದೂರದ ಉತ್ತರ ಭಾರತಕ್ಕಾದರೆ ಇದೆಲ್ಲ ಗಿಟ್ಟುತ್ತದೆ. ನಾಮಕ್ಕಲ್‌ಗೆ ಲಾರಿಯೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಮಾಲಿನ ಪ್ರಮಾಣ. ಗೂಡ್ಸ್ ರೈಲಿನ ವ್ಯಾಗನ್‌ಗಳ ಸಾಲಿಗೆ ರೇಕ್ ಅನ್ನುತ್ತಾರೆ. ರೈಲ್ವೆಯ ಮಿನಿ ರೇಕ್ ಅಂದರೂ 20 ವ್ಯಾಗನ್. ಮುಚ್ಚಿದ ವ್ಯಾಗನ್ ಒಂದಕ್ಕೆ 60 ಟನ್ ಹಿಡಿದರೂ 1,200 ಟನ್ ಆಯಿತು. 50 ಕಿಲೋ ಚೀಲದ ಲೆಕ್ಕದಲ್ಲಿ 24,000 ಚೀಲ. ಹತ್ತು ಚಕ್ರದ ಲಾರಿಗೆ 18 ಟನ್ ಅಂತಿಟ್ಟರೆ ಸುಮಾರು 67 ಲೋಡು. ಇಷ್ಟನ್ನೂ ರೈಲ್ವೆ ಕೊಟ್ಟ ಗಂಟೆಗಳೊಳಗೆ ತುಂಬಿ ಮುಗಿಸಬೇಕು. ವ್ಯಾಗನ್ ತಡೆದರೆ ಡೆಮರೇಜ್ ಅನ್ನುವ ಶುಲ್ಕ, ಇಳಿಸಿದ ಮಾಲು ಶೆಡ್ಡಿನಲ್ಲೇ ಕೂತರೆ ವಾರ್ಫೇಜ್ ಅನ್ನುವ ಶುಲ್ಕ. ರೈಲು ಹಗಲೇ ಬರಬೇಕು ಅಂತೇನೂ ಇಲ್ಲ. ರಾತ್ರಿ ಎರಡಕ್ಕೆ ಬಂದರೂ ಹಮಾಲರು ತಯಾರಿರಬೇಕು, ಅಲ್ವಾ? ಹಾಗಾಗಿ ಮಾಲನ್ನು ಮುಂಚಿತವಾಗಿ ಶೆಡ್ಡಿನಲ್ಲಿ ಪೇರಿಸಿಡಲು ಅನುಮತಿ ಸಿಗುತ್ತದಾ ಅಂತ ಗೂಡ್ಸ್ ಆಫೀಸಿನಲ್ಲಿ ಕೇಳಿ. ಅದು ಸಿಕ್ಕರೆ ಅರ್ಧ ತಲೆನೋವು ಕಡಿಮೆ.

ಅಷ್ಟು ಮಾಲಿಲ್ಲ ಅಂದರೆ ಕಂಟೇನರ್ ವಿಚಾರಿಸಿ. ಗೋದಾಮಿನಲ್ಲೇ ತುಂಬಿ ಸೀಲ್ ಮಾಡಿದರೆ ಆಮೇಲೆ ಕ್ರೇನ್ ಎತ್ತುವುದು ಡಬ್ಬವನ್ನು, ಚೀಲವನ್ನಲ್ಲ. ಆದರೆ ಖಾಲಿ ಕಂಟೇನರ್ ನಿಮ್ಮೂರಿಗೆ ತರಿಸುವ ಖರ್ಚು ಜಾಸ್ತಿ ಆಗಬಹುದು.

ಮುಂದೆ ದೂರದ ಆರ್ಡರ್ ಸಿಕ್ಕಿ ರೇಕ್ ಹಿಡಿದಿರಿ ಅಂತಿಟ್ಟುಕೊಳ್ಳಿ. ಆಗ ತುಂಬುವ ಮೊದಲು ಟಾರ್ಚ್ ಹಿಡಿದು ಪ್ರತಿ ವ್ಯಾಗನ್ ಒಳಗೆ ಹೋಗಿ ನೋಡಿ. ಇವೇ ವ್ಯಾಗನ್‌ಗಳಲ್ಲಿ ಸಿಮೆಂಟು, ಗೊಬ್ಬರವೂ ಬರುತ್ತವೆ. ಮೂಲೆಯಲ್ಲಿ ಯೂರಿಯಾ ಕಾಳು ಉಳಿದಿರಬಹುದು. ಕೋಳಿ ಆಹಾರಕ್ಕೆ ಹೋಗುವ ಮಾಲಿಗೆ ಅದು ಸೇರಕೂಡದು. ಬಾಗಿಲು ಹಾಕಿಸಿ ಒಳಗೆ ನಿಂತು ನೋಡಿ: ಎಲ್ಲಿ ಬೆಳಕು ತೂರುತ್ತದೋ ಅಲ್ಲಿ ಮಳೆ ನೀರೂ ಬರುತ್ತದೆ. ಅಂಥ ವ್ಯಾಗನ್ ಬೇಡ ಅಂತ ಚೀಲ ಏರಿಸುವ ಮೊದಲೇ ಬರೆದುಕೊಡಿ.