ಮದುವೆಯ ಪಾಟ್, ಸಾವಿನ ಪಾಟ್, ಎರಡಕ್ಕೂ ‘ಫೋಕ್’ ಎಂಬ ಒಂದೇ ಖಾನೆ

(ವಿರಾಜಪೇಟೆ ಬದಿಯ ಓದುಗರೊಬ್ಬರು ಮನೆಯಲ್ಲಿದ್ದ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುತ್ತಿದ್ದಾರೆ. ದುಡಿಕೊಟ್ಟ್ ಪಾಟ್ (ದುಡಿ ಎಂಬ ಚರ್ಮವಾದ್ಯ ಬಾರಿಸುತ್ತ ಹಾಡುವ ಕೊಡವ ಹಾಡು), ವಾಲಗ, ದಾಸರ ಪದ, ಭಾವಗೀತೆ, ಇಂಗ್ಲಿಷ್ ರಾಕ್ ಎಲ್ಲವೂ ಅದರಲ್ಲಿವೆ. ಪ್ರತಿ ಹಾಡಿಗೂ ಕಂಪ್ಯೂಟರು ‘ಜಾನರ್’, ಅಂದರೆ ಹಾಡಿನ ಪ್ರಕಾರ, ಯಾವುದೆಂದು ಕೇಳುತ್ತದಂತೆ. “ಸಂಗೀತ ಸಂಗೀತವೇ. ಈ ಹಣೆಪಟ್ಟಿಗಳನ್ನೆಲ್ಲ ಕಟ್ಟಿದವರು ಅಂಗಡಿಯವರು. ನಾನಂತೂ ಖಾಲಿ ಬಿಡೋಣ ಎಂದಿದ್ದೇನೆ. ನಿಮ್ಮ ಪತ್ರಿಕೆಯೂ ಬಿಟ್ಟುಬಿಡಬಾರದೇಕೆ?” ಎಂದು ಕೇಳಿದ್ದಾರೆ.)

ಮಾನ್ಯರೇ,

ಕಟ್ಟಿದವರು ಅಂಗಡಿಯವರು ಎಂಬುದು ಬಹುಮಟ್ಟಿಗೆ ನಿಜ. ಆದರೆ ದಯವಿಟ್ಟು ಆ ಖಾನೆಯನ್ನು ಖಾಲಿ ಬಿಡಬೇಡಿ.

ನಮ್ಮ ಗೋಡೆಗಳ ಮೇಲಿನ ಪೋಸ್ಟರನ್ನೇ ನೋಡಿ. ‘ರಸಮಂಜರಿ’ ಎಂದಿದ್ದರೆ ಸಿನಿಮಾ ಹಾಡು ಎಂದು ಎಂಥವರಿಗೂ ಗೊತ್ತು. ‘ಆರ್ಕೆಸ್ಟ್ರಾ’ ಎಂದರೂ ಅದೇ. ಸಾಲಾಗಿ ಕೂತು ಪಿಟೀಲು ನುಡಿಸುತ್ತಾರೆಂದು ಯಾರೂ ಬರುವುದಿಲ್ಲ. ‘ಡಿಜೆ’ ಎಂದರೆ ಹುಟ್ಟಿದ ನಾಡಿನಲ್ಲಿ ಹಾಡು ಆಯ್ದು ಹಾಕುವ ಮನುಷ್ಯ, ನಮ್ಮಲ್ಲಿ ಲಾರಿಯ ಮೇಲೆ ಪೇರಿಸಿದ ಸ್ಪೀಕರು. ಮೂಲ ಅರ್ಥ ಹಿಡಿದು ಹೊರಟರೆ ಈ ಎರಡೂ ತಪ್ಪು. ಆದರೂ ಬರುವವರಿಗೆ ಏನು ಕೇಳಸಿಗುತ್ತದೆ ಎಂಬುದನ್ನು ಒಂದೇ ಪದದಲ್ಲಿ ಸರಿಯಾಗಿ ಹೇಳಿಬಿಡುತ್ತವೆ.

ಕೇಳುಗರಿಗಿಂತ ಮೊದಲು ಈ ಪದ ಬೇಕಾಗುವುದು ಮೈಕ್‌ನವರಿಗೆ. ಭಾವಗೀತೆ ಎಂದರೆ ಹಾಡುವವರಿಗೊಂದು, ಹಾರ್ಮೋನಿಯಮ್ಮಿಗೊಂದು, ತಬಲಕ್ಕೆ ಎರಡು, ಕೊಳಲಿಗೊಂದು ಮೈಕು. ಕೀಬೋರ್ಡಿಗೆ ನೇರ ವೈರು. ರಾಕ್ ಎಂದರೆ ಡ್ರಮ್ ಸೆಟ್ಟೊಂದಕ್ಕೇ ಏಳೆಂಟು ಮೈಕು ಲೆಕ್ಕ ಹಾಕಿಕೊಳ್ಳಬೇಕು. ದುಡಿಕೊಟ್ಟ್ ಪಾಟ್‌ಗೆ ಒಬ್ಬೊಬ್ಬರ ಬಾಯಿಗೂ ಮೈಕು ಒಡ್ಡಿದರೆ ಎದೆಮಟ್ಟದಲ್ಲಿರುವ ದುಡಿಯ ಏಟೇ ಮುಂದೆ ಬಂದು ಮಾತು ಮುಳುಗುತ್ತದೆ. ಇಬ್ಬರು ಹಾಡಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುವ ಹಾಡಿಕೆಯಾದ್ದರಿಂದ ಜೋಡಿಗೊಂದರಂತೆ ಎರಡೇ ಮೈಕು, ತಲೆಗಿಂತ ತುಸು ಎತ್ತರದಲ್ಲಿಟ್ಟರೆ ಸಾಕು. ವಾಲಗಕ್ಕೆ ಬಯಲಿನಲ್ಲಿ ಮೈಕೇ ಬೇಡ. ರೆಕಾರ್ಡ್ ಮಾಡುವುದಾದರೆ ಕೊಂಬಿನ ಬಾಯಿಂದ ಎರಡು ಮೀಟರಾದರೂ ದೂರ, ಪಕ್ಕಕ್ಕೆ ಸರಿಸಿ ಇಡಬೇಕು. ಎದುರಿಗಿಟ್ಟರೆ ಮೊದಲ ಊದಿಗೇ ಸದ್ದು ಒಡೆಯುತ್ತದೆ. ಇಷ್ಟನ್ನೂ ಮೈಕ್‌ನವರಿಗೆ ಫೋನಿನಲ್ಲಿ ವಿವರಿಸಬೇಕಿಲ್ಲ, ಹೆಸರು ಹೇಳಿದರಾಯಿತು. ‘ಫೋಕ್ ಕಾರ್ಯಕ್ರಮ’ ಎಂದು ಹೇಳಿ ನೋಡಿ, ಏನು ತರಬೇಕೆಂದು ಅವರಿಗೆ ತಿಳಿಯುವುದೇ ಇಲ್ಲ.

ಹೆಸರು ಅಸಂಬದ್ಧವಾಗುವುದು ಹಾಡನ್ನು ಬಿಟ್ಟು ಕೊಳ್ಳುವವರ ಕಡೆ ನೋಡಿ ಇಟ್ಟಾಗ. ಅಮೆರಿಕದಲ್ಲಿ 1920ರ ದಶಕದಲ್ಲಿ ಕಪ್ಪು ಜನರಿಗೆ ಮಾರುವ ಗ್ರಾಮಫೋನ್ ತಟ್ಟೆಗಳಿಗೆ ‘ರೇಸ್ ರೆಕಾರ್ಡ್ಸ್’ ಎಂದೂ ದಕ್ಷಿಣದ ಬಿಳಿಯ ಹಳ್ಳಿಗರಿಗೆ ಮಾರುವ ತಟ್ಟೆಗಳಿಗೆ ‘ಹಿಲ್‌ಬಿಲಿ’ ಎಂದೂ ಕಂಪನಿಗಳು ಬೇರೆ ಬೇರೆ ಪಟ್ಟಿ ಅಚ್ಚು ಹಾಕಿಸಿದವು. ಎರಡೂ ಕಡೆಯವರು ಒಬ್ಬರಿಂದೊಬ್ಬರು ಹಾಡು ಕಲಿತವರೇ. ಗೆರೆ ಎಳೆದದ್ದು ಮೈಬಣ್ಣದ ಮೇಲೆ, ರಾಗ-ತಾಳದ ಮೇಲಲ್ಲ. 1949ರಲ್ಲಿ ‘ಬಿಲ್‌ಬೋರ್ಡ್’ ಪತ್ರಿಕೆ ‘ರೇಸ್’ ಎಂಬುದನ್ನು ಕೈಬಿಟ್ಟು ‘ರಿದಂ ಅಂಡ್ ಬ್ಲೂಸ್’ ಎಂದು ಬದಲಿಸಿತು. ಆ ಹೆಸರು ಸೂಚಿಸಿದವರು ಅಲ್ಲಿ ಕೆಲಸಕ್ಕಿದ್ದ ಜೆರ್ರಿ ವೆಕ್ಸ್ಲರ್. ಹೆಸರು ಸಭ್ಯವಾಯಿತು, ಗೆರೆ ಮಾತ್ರ ಅಲ್ಲೇ ಉಳಿಯಿತು.

‘ವರ್ಲ್ಡ್ ಮ್ಯೂಸಿಕ್’ ಹುಟ್ಟಿದ್ದು ಇನ್ನೂ ನೇರವಾಗಿ. 1987ರಲ್ಲಿ ಲಂಡನ್ನಿನ ಪಬ್ ಒಂದರಲ್ಲಿ ಸಣ್ಣ ಸಣ್ಣ ರೆಕಾರ್ಡ್ ಕಂಪನಿಗಳವರು ಸೇರಿ, ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕಗಳ ಸಂಗೀತವನ್ನು ಅಂಗಡಿಯವರು ಯಾವ ಕಪಾಟಿನಲ್ಲಿಡಬೇಕೆಂದು ತಿಳಿಯದೆ ಹಿಂದಕ್ಕೆ ಕಳಿಸುತ್ತಿದ್ದಾರೆ, ಒಂದು ಹೆಸರು ಬೇಕು ಎಂದು ತೀರ್ಮಾನಿಸಿದರು. ಕಪಾಟು ಸಿಕ್ಕಿತು, ತಟ್ಟೆಗಳೂ ಮಾರಾಟವಾದವು; ಆ ಉಪಕಾರವನ್ನು ಅಲ್ಲಗಳೆಯುವಂತಿಲ್ಲ. ಆದರೆ ಮಾಲಿಯ ಕೋರಾ ಎಂಬ ತಂತಿವಾದ್ಯ, ಬಲ್ಗೇರಿಯದ ಹೆಂಗಸರ ಮೇಳಗಾನ, ನಮ್ಮ ನಾಗಸ್ವರ ಇವನ್ನೆಲ್ಲ ಕೂಡಿಸುವ ಗುಣ ಒಂದೇ: ಲಂಡನ್ನಿನವರಿಗೆ ಪರಿಚಯವಿಲ್ಲದಿರುವುದು. 2020ರಲ್ಲಿ ಗ್ರ್ಯಾಮಿ ಪ್ರಶಸ್ತಿಯವರು ‘ವರ್ಲ್ಡ್’ ತೆಗೆದು ‘ಗ್ಲೋಬಲ್’ ಎಂದರು. ಅದರಿಂದ ಕೋರಾ ನುಡಿಸುವವರಿಗೆ ಬಂದ ಬದಲಾವಣೆ ಏನೂ ಇಲ್ಲ.

ನಮ್ಮ ಕಡೆಯ ಕಪಾಟುಗಳೂ ಹೀಗೇ ಇವೆ. ಶಿಶುನಾಳ ಷರೀಫರ (1819–1889) ಪದ ಏಕತಾರಿ ಹಿಡಿದವರ ಬಾಯಲ್ಲಿ ತತ್ವಪದ. ಅದನ್ನೇ ಸಿ. ಅಶ್ವಥ್ ಹಾಡಿದ ಕ್ಯಾಸೆಟ್ ಭಾವಗೀತೆಯ ಸಾಲಿನಲ್ಲಿತ್ತು, ಸಿನಿಮಾಕ್ಕೆ ಬಂದಾಗ ಚಿತ್ರಗೀತೆಯಾಯಿತು. ಮೊಬೈಲಿನ ಆ್ಯಪ್‌ಗಳಲ್ಲಿ ಎಷ್ಟೋ ಕಡೆ ‘ಜಾನಪದ’. ಮೊದಲ ಮೂರು ಹೆಸರಿನಲ್ಲೂ ಹಾಡುವ ರೀತಿಯ ಸುಳಿವಿದೆ. ನಾಲ್ಕನೆಯದು ಮಾತ್ರ ಶುದ್ಧ ತಪ್ಪು. ‘ಶಿಶುನಾಳಧೀಶ’ ಎಂದು ಅಂಕಿತವನ್ನೇ ಹಾಕಿ ಹೋದ ಕವಿಯನ್ನು ಅನಾಮಧೇಯ ಮಾಡುವುದು ಅನ್ಯಾಯ.

ಈಗ ನಿಮ್ಮ ಕ್ಯಾಸೆಟ್ಟಿನ ವಿಷಯ. ಕೊಡವ ತಕ್ಕ್‌ನಲ್ಲಿ, ಅಂದರೆ ಕೊಡವ ಭಾಷೆಯಲ್ಲಿ, ಹೆಸರಿಗೆ ಬರವಿಲ್ಲ, ಆ ಹೆಸರುಗಳು ಸಂದರ್ಭದ ಮೇಲೆ ನಿಂತಿವೆ. ಬೊಳಕಾಟ್ ಎಂದೊಡನೆ ನಡುವೆ ದೀಪ, ಸುತ್ತ ಕೈಯಲ್ಲಿ ಚವರಿ ಹಿಡಿದ ಗಂಡಸರು, ದುಡಿ. ಉಮ್ಮತ್ತಾಟ್ ಎಂದರೆ ತಾಳ ಹಿಡಿದ ಹೆಂಗಸರು. ಕೋಲಾಟ್ ಎಂದರೆ ಪುತ್ತರಿ ಎಂಬ ಸುಗ್ಗಿ ಹಬ್ಬ, ಮಂದ್ ಎಂಬ ಊರ ಬಯಲು. ಬಟ್ಟೆ ಪಾಟ್ ದಾರಿಯಲ್ಲಿ ಹಾಡುವುದು; ‘ಬಟ್ಟೆ’ ಎಂದರೆ ದಾರಿ, ಹಾಗಾಗಿಯೇ ಆ ಹೆಸರು. ನಡಿಕೇರಿಯಂಡ ಚಿಣ್ಣಪ್ಪನವರು 1924ರ ‘ಪಟ್ಟೋಲೆ ಪಳಮೆ’ಯಲ್ಲಿ ಹಾಡುಗಳನ್ನು ಹಬ್ಬ, ಮದುವೆ, ಸಾವು ಎಂದು ಸಂದರ್ಭದ ಜೊತೆಗೇ ಕೊಟ್ಟರು. ಅದಕ್ಕಿಂತ ಒಳ್ಳೆಯ ವಿಂಗಡಣೆ ಈವರೆಗೆ ಯಾವ ಕಂಪ್ಯೂಟರಿನಿಂದಲೂ ಆಗಿಲ್ಲ. ಏಕೆಂದರೆ ಮದುವೆಯ ಮಂಗಲ ಪಾಟ್‌ಗೂ ಸಾವಿನ ಚಾವ್ ಪಾಟ್‌ಗೂ ದುಡಿ ಅದೇ, ತಕ್ಕ್ ಅದೇ. ಸದ್ದನ್ನಷ್ಟೇ ಅಳೆಯುವ ಯಂತ್ರಕ್ಕೆ ಎರಡೂ ಅಕ್ಕಪಕ್ಕದವು. ಎರಡಕ್ಕೂ ‘ಫೋಕ್’ ಎಂದು ಬರೆದು ಮದುವೆ ಮನೆಯಲ್ಲಿ ಫೋನನ್ನು ಸ್ಪೀಕರಿಗೆ ಸಿಕ್ಕಿಸಿದರೆ, ಒಂದರ ಹಿಂದೆ ಇನ್ನೊಂದು ಬರುವುದನ್ನು ತಡೆಯುವವರಿಲ್ಲ. ಖಾಲಿ ಬಿಟ್ಟರೂ ಇದೇ ಗತಿ. ಖಾಲಿ ಬಿಡಬೇಡಿ ಎಂದದ್ದು ಇದಕ್ಕೇ.

ಆ ಖಾನೆಗೆ ತನ್ನದೇ ಕಥೆಯಿದೆ. ಎಂಪಿ3 ಕಡತದ ಬಾಲಕ್ಕೆ 128 ಬೈಟ್‌ಗಳ ಚೀಟಿ ಅಂಟಿಸುವ ಐಡಿ3 ಎಂಬ ಪದ್ಧತಿ 1996ರಲ್ಲಿ ಬಂತು. ಹಾಡಿನ ಹೆಸರಿಗೆ 30 ಬೈಟ್, ಹಾಡಿದವರಿಗೆ 30, ಜಾನರ್‌ಗೆ ಒಂದೇ ಒಂದು. ಅಕ್ಷರ ಬರೆಯಲು ಅಲ್ಲಿ ಜಾಗವೇ ಇಲ್ಲ, 80 ಹೆಸರುಗಳ ಪಟ್ಟಿಯಿಂದ ಒಂದು ಸಂಖ್ಯೆ ಆರಿಸಬೇಕಿತ್ತು. ಆ ಪಟ್ಟಿಯಲ್ಲಿ ‘ಗ್ರಂಜ್’ ಇತ್ತು, ‘ಪ್ರ್ಯಾಂಕ್ಸ್’ ಕೂಡ ಇತ್ತು. ‘ಫೋಕ್’ ಇರಲಿಲ್ಲ, ಅದನ್ನು ಹಾಡು ನುಡಿಸುವ ತಂತ್ರಾಂಶವಾದ ವಿನ್ಆ್ಯಂಪ್‌ನವರು ಆಮೇಲೆ ಸೇರಿಸಿದರು. ಕನ್ನಡಕ್ಕಂತೂ ಇದು ಬಲು ಇಕ್ಕಟ್ಟು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಅಕ್ಷರ, ಕಾಗುಣಿತದ ಒಂದೊಂದು ಗುರುತು ಮೂರು ಮೂರು ಬೈಟ್ ನುಂಗುತ್ತದೆ. ಹಾಡಿನ ಹೆಸರಿನ ಜಾಗದಲ್ಲಿ ‘ಉಮ್ಮತ್ತಾಟ್’ ಸರಿಯಾಗಿ 30 ಬೈಟ್, ಹಾಗಾಗಿ ಉಳಿಯುತ್ತದೆ. ‘ಪುತ್ತರಿ ಕೋಲಾಟ್’ ‘ಪುತ್ತರಿ ಕೋ’ಗೆ ತುಂಡಾಗಿ ಕೊನೆಯಲ್ಲಿ ಒಂದು ಚೌಕವೋ ಪ್ರಶ್ನಾರ್ಥಕವೋ ಕಾಣುತ್ತದೆ. ನಿಮ್ಮ ಪರದೆಯ ಮೇಲೆ ಅರ್ಧಕ್ಕೆ ಕತ್ತರಿಸಿದ ಹೆಸರು ಕಂಡರೆ ಕಾರಣ ಇದೇ ಇರಬಹುದು.

ಹೀಗೆ ಮಾಡಿ. ಮೂಲ ಪ್ರತಿಯನ್ನು ಸದ್ದಿನ ಗುಣ ಕಳೆಯದ ಕಡತ ರೂಪವಾದ ಫ್ಲ್ಯಾಕ್‌ನಲ್ಲಿ ಇಡಿ. ಅದರಲ್ಲಿ ಕನ್ನಡಕ್ಕೆ ತೊಂದರೆಯಿಲ್ಲ, ಒಂದು ಹಾಡಿಗೆ ಎಷ್ಟು ಜಾನರ್ ಬೇಕಾದರೂ ಬರೆಯಬಹುದು. ಫೋನಿಗೆ ಬೇಕಾದ ಎಂಪಿ3 ಪ್ರತಿಗೆ ಐಡಿ3 2.3 ಆವೃತ್ತಿ, ಯುಟಿಎಫ್-16 ಆರಿಸಿ, ಹಳೆಯ ಐಡಿ3 1 ಬರೆಯುವುದನ್ನು ನಿಲ್ಲಿಸಿ. ಈ ಚೀಟಿ ತಿದ್ದುವ ಎಂಪಿ3ಟ್ಯಾಗ್, ಕಿಡ್3 ಎಂಬ ತಂತ್ರಾಂಶಗಳೆರಡರಲ್ಲೂ ಇದಕ್ಕೆ ಆಯ್ಕೆಯಿದೆ. ಜಾನರ್ ಖಾನೆಯಲ್ಲಿ ಹಾಡಿನ ರೂಪ ಬರೆಯಿರಿ: ದುಡಿಕೊಟ್ಟ್ ಪಾಟ್, ವಾಲಗ, ತತ್ವಪದ. ‘ಗ್ರೂಪಿಂಗ್’ ಖಾನೆಯಲ್ಲಿ ಸಂದರ್ಭ: ಮದುವೆ, ಪುತ್ತರಿ, ಸಾವು. ಭಾಷೆಯ ಖಾನೆಯಲ್ಲಿ ಕೊಡವ ತಕ್ಕ್‌ಗೆ ‘ಕೆಎಫ್ಎ’, ಕನ್ನಡಕ್ಕೆ ‘ಕೆಎಎನ್’ ಎಂಬ ಸಂಕೇತವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಿ. ಹಾಡಿದವರು, ಊರು, ವರ್ಷ, ಕ್ಯಾಸೆಟ್ಟಿನ ಯಾವ ಬದಿ ಎಂಬುದು ‘ಕಾಮೆಂಟ್’ಗೆ. ರಾಕ್ ಹಾಡಿಗೆ ‘ರಾಕ್’ ಎಂದರೆ ಸಾಕು, ಒಳಪಂಗಡಗಳಿಗಾಗಿ ತಲೆಕೆಡಿಸಿಕೊಳ್ಳಬೇಕಿಲ್ಲ.

ಒಂದು ಕಡೆ ಎಲ್ಲರೂ ಎಡವುತ್ತಾರೆ. ‘ಬೊಳಕಾಟ್’ ಎಂದು ಎರಡು ಸಲ ಟೈಪ್ ಮಾಡಿದ್ದು ಪಟ್ಟಿಯಲ್ಲಿ ಎರಡು ಬೇರೆ ಬೇರೆ ಜಾನರ್ ಆಗಿ ಕೂರುತ್ತದೆ, ಕಣ್ಣಿಗೆ ಎರಡೂ ಒಂದೇ. ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಕೀಲಿಮಣೆ ಒಮ್ಮೊಮ್ಮೆ ಕಾಣದ ಗುರುತೊಂದನ್ನು ಸೇರಿಸುವುದೇ ಕಾರಣ. ಕೊಡವ ಪದಗಳಲ್ಲಿ ಅಂಥವು ತುಂಬ. ಆದ್ದರಿಂದ ಹೆಸರುಗಳನ್ನೆಲ್ಲ ಒಂದು ಕಡತದಲ್ಲಿ ಒಮ್ಮೆ ಬರೆದಿಟ್ಟುಕೊಂಡು ಅಲ್ಲಿಂದಲೇ ನಕಲು ಮಾಡಿ ಅಂಟಿಸಿ, ಪ್ರತಿ ಸಲ ಟೈಪ್ ಮಾಡಬೇಡಿ.

ನಮ್ಮ ಪತ್ರಿಕೆಯ ಪಾಲಿನ ಮಾತು: ಕೊಡವ, ಅರೆಭಾಷೆ, ಯರವ ಹಾಡುಗಳನ್ನೆಲ್ಲ ‘ಜಾನಪದ’ ಎಂಬ ಒಂದೇ ತಲೆಬರಹದ ಕೆಳಗೆ ಹಾಕುತ್ತಿದ್ದುದು ಸರಿಯಲ್ಲ. ಇನ್ನು ಮುಂದೆ ಹಾಡುವವರು ಕರೆಯುವ ಹೆಸರನ್ನೇ ಅಚ್ಚು ಹಾಕುತ್ತೇವೆ.

ಚಾವ್ ಪಾಟ್‌ಗಳನ್ನು ಫೋನಿನಲ್ಲಿ ಬೇರೆಯೇ ಫೋಲ್ಡರಿನಲ್ಲಿಡಿ. ಆಂಡ್ರಾಯ್ಡ್ ಫೋನಾದರೆ ಆ ಫೋಲ್ಡರಿನೊಳಗೆ ಒಂದು ಚುಕ್ಕೆ, ಅದಕ್ಕೆ ಅಂಟಿಕೊಂಡು ‘ನೋಮೀಡಿಯಾ’ ಎಂದು ಇಂಗ್ಲಿಷಿನಲ್ಲಿ ಹೆಸರಿಟ್ಟ ಖಾಲಿ ಕಡತವೊಂದನ್ನು ಹಾಕಿದರೆ, ಸಾಮಾನ್ಯ ಪ್ಲೇಯರ್‌ಗಳ ಪಟ್ಟಿಗೆ ಆ ಹಾಡುಗಳು ಬರುವುದಿಲ್ಲ. ಬೇಕೆಂದಾಗ ಫೋಲ್ಡರ್ ತೆರೆದು ಕೇಳಬಹುದು.

– ಸಂಪಾದಕರು