ಎಡಕ್ಕೆ ತಿರುಗಿಸಿದರೆ ಪಿಕಪ್ ಗರಗರ ಅನ್ನುತ್ತೆ, ಎಡಚಕ್ರದ ಬೇರಿಂಗ್ ಬದಲಿಸಬೇಕಾ?

ಹಿಂದಿನ ಚಕ್ರ ಎಳೆಯೋ ಗಾಡಿ, ನೇರ ಹೋಗುವಾಗ ಸದ್ದಿಲ್ಲ, ನಲವತ್ತರ ಸ್ಪೀಡಲ್ಲಿ ಎಡಕ್ಕೆ ತಿರುಗಿಸಿದರೆ ಮುಂದುಗಡೆ ಗರಗರ, ಬ್ರೇಕ್ ಪ್ಯಾಡ್ ಹೊಸದು ಹಾಕಿಸಿದರೂ ಹೋಗಲಿಲ್ಲ, ಈಗ ಎಡಚಕ್ರದ ಬೇರಿಂಗ್ ಅಂತಿದಾರೆ. ಇಷ್ಟು ತಾನೆ ನೀವು ಬರೆದಿರೋದು? ಸ್ವಲ್ಪ ತಾಳಿ. ಎಡಗಡೆ ಬಿಚ್ಚಿಸೋಕೆ ಮುಂಚೆ ಬಲಗಡೆಗೆ ಜಾಕಿ ಕೊಟ್ಟು ನೋಡಿ.

ಬಸ್ಸಲ್ಲಿ ನಿಂತಿದ್ದಾಗ ಡ್ರೈವರ್ ಎಡಕ್ಕೆ ಎಳೆದರೆ ನಾವು ಬಲಕ್ಕೆ ವಾಲ್ತೀವಲ್ಲ, ಗಾಡಿಯ ಭಾರವೂ ಹಾಗೇ ಬಲಚಕ್ರದ ಮೇಲೆ ಕೂರುತ್ತೆ. ಸವೆದ ಬೇರಿಂಗ್ ಭಾರ ಬಿದ್ದಾಗಲೇ ಅರಚೋದು. ಮೈಸೂರಿನವರಿಗಂತೂ ಎಡಚಕ್ರ ಪರೀಕ್ಷೆ ಮಾಡೋಕೆ ಊರಲ್ಲೇ ವ್ಯವಸ್ಥೆ ಇದೆ. ಹಾರ್ಡಿಂಜ್ ಸರ್ಕಲ್ ಸುತ್ತುವಾಗ ಸ್ಟೇರಿಂಗ್ ಬಲಕ್ಕೇ ಇರುತ್ತೆ, ಭಾರವೆಲ್ಲ ಎಡಚಕ್ರಕ್ಕೆ. ಅಲ್ಲಿ ಗರಗರ ಅಂದರೆ ಎಡಗಡೆ ಅನುಮಾನಪಡಿ. ಬೆಳಿಗ್ಗೆ ಐದೂವರೆಗೆ ಹೋಗಿ, ಹಗಲಲ್ಲಿ ಅಲ್ಲಿ ಗಾಡಿ ಸದ್ದು ಕೇಳೋದು ನಮ್ಮ ಕೈಲಾಗೋ ಕೆಲಸವಲ್ಲ.

ಇದೆಲ್ಲ ದುಡ್ಡು ಕಳಕೊಂಡು ಕಲಿತದ್ದು. ನಮ್ಮದು ಆಲೆಮನೆಯಿಂದ ಮಂಡ್ಯ ಎಪಿಎಂಸಿಗೆ ಬೆಲ್ಲ ಹೊಡೆಯೋ ಗಾಡಿ. ಸದ್ದು ಶುರುವಾದಾಗ ನಾನೂ ಮೊದಲು ಪ್ಯಾಡ್ ಹಾಕಿಸಿದೆ, ಆಮೇಲೆ ಎಡಗಡೆ ಬೇರಿಂಗ್ ಹಾಕಿಸಿದೆ, ಸದ್ದು ಮಾತ್ರ ಇದ್ದ ಹಾಗೇ ಇತ್ತು. ಕೊನೆಗೆ ಒಬ್ಬರು ವಯಸ್ಸಾದ ಮೇಸ್ತ್ರಿ ಹತ್ತಿರ ತಗೊಂಡು ಹೋದರೆ, ‘ಎಡುಕ್ ತಿರುಗ್ಸುದ್ರೆ ಸದ್ದು ಅಂತ ಎಡ್‌ಗಡೆ ಬಿಚ್ಚುಸ್ಬುಟ್ಯಾ? ಪಾಪ, ಅದೇನ್ ಮಾಡಿತ್ತಪ್ಪಾ?’ ಅಂದರು.

ಅವರು ಮಾಡಿದ್ದನ್ನೇ ನೀವೂ ಮಾಡಿ. ಹಿಂದಿನ ಟೈರಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು ಮುಂಚಕ್ರ ಎತ್ತಿ, ಜಾಕಿ ಒಂದನ್ನೇ ನಂಬದೆ ಕೆಳಗೆ ಸ್ಟ್ಯಾಂಡ್ ಇಡಿ. ಟೈರಿನ ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ. ಕಟಕಟ ಅಂತ ಆಟ, ಅಂದರೆ ಸಡಿಲ, ಸಿಕ್ಕರೆ, ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ ಮತ್ತೆ ಅಲ್ಲಾಡಿಸಿ. ಆಟ ನಿಂತುಹೋದರೆ ಬೇರಿಂಗ್. ಬ್ರೇಕ್ ಒತ್ತಿದರೂ ಆಟ ಇದ್ದರೆ ಚಕ್ರ ಹೊರಳೋ ಕೀಲು, ಅಂದರೆ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್. ಟೈರಿನ ಎಡಬಲ ಹಿಡಿದಾಗ ಮಾತ್ರ ಅಲ್ಲಾಡಿದರೆ ಟೈ ರಾಡ್ ಎಂಡ್, ಅಂದರೆ ಸ್ಟೇರಿಂಗಿಂದ ಚಕ್ರಕ್ಕೆ ಬರೋ ಸರಳಿನ ತುದಿ. ಆಮೇಲೆ ಉದ್ದನೆ ಸ್ಕ್ರೂಡ್ರೈವರ್ ತುದಿಯನ್ನ ಹಬ್ (ಬೇರಿಂಗ್ ಕೂರೋ ಚಕ್ರದ ನಡುಭಾಗ) ಹಿಂದಿರೋ ತಿರುಗದ ಕಬ್ಬಿಣಕ್ಕೆ ಊರಿ, ಹಿಡಿಯನ್ನ ಕಿವಿಗೆ ಒತ್ತಿ, ಇನ್ನೊಬ್ಬರಿಂದ ಕೈಯಲ್ಲಿ ಚಕ್ರ ತಿರುಗಿಸಿ. ನಮ್ಮ ಗಾಡೀಲಿ ಎಡಗಡೆ ನಿಶ್ಶಬ್ದ. ಬಲಗಡೆ ಮರಳು ಅರೆದ ಹಾಗೆ ಕೇಳಿಸ್ತು.

ಪ್ಯಾಡ್ ಹಾಕಿದವರನ್ನ ಪೂರ್ತಿ ಬಯ್ಯೋಕಾಗಲ್ಲ. ಬೇರಿಂಗ್ ಸಡಿಲವಾದರೆ ತಿರುವಿನಲ್ಲಿ ಡಿಸ್ಕ್ ಓರೆಯಾಗಿ ಪ್ಯಾಡಿಗೋ ಹಿಂದಿನ ತಗಡಿಗೋ ಉಜ್ಜುತ್ತೆ, ಗೆರೆ ಬಿದ್ದಿರುತ್ತೆ. ಆ ತಗಡಿನ ಸಂದಿಯಲ್ಲಿ ಜಲ್ಲಿಕಲ್ಲು ಸಿಕ್ಕಿಕೊಂಡಿದ್ದರೂ ಇಂಥದೇ ಸದ್ದು ಬರುತ್ತೆ, ಬೇರಿಂಗ್ ಕೊಳ್ಳೋ ಮುಂಚೆ ಟಾರ್ಚ್ ಬಿಟ್ಟು ನೋಡಿ. ನಿಂತಲ್ಲೇ ಪೂರ್ತಿ ತಿರುಗಿಸಿದಾಗ ಮಾತ್ರ ಗುಂಯ್ ಅಂದರೆ ಪವರ್ ಸ್ಟೇರಿಂಗ್ ಆಯಿಲ್ ನೋಡಿ, ಅದು ಬೇರೆ ಕಥೆ. ಟಕಟಕ ಅನ್ನೋ ಆಕ್ಸಲ್ ಜಾಯಿಂಟ್ ಸದ್ದು ನಿಮಗೆ ಸಂಬಂಧವಿಲ್ಲ, ನಿಮ್ಮದು ಹಿಂದಿನ ಚಕ್ರ ಎಳೆಯೋ ಗಾಡಿ ಅಂತ ಬರೆದಿದ್ದೀರಿ.

ಹಬ್ ಬಿಚ್ಚಿದಾಗ ನೀವು ಪಕ್ಕದಲ್ಲೇ ನಿಂತಿರಿ. ನಮ್ಮದರಲ್ಲಿ ಒಳಗಿದ್ದದ್ದು ಗ್ರೀಸ್ ಅಲ್ಲ, ಹಾಲು ಜಾಸ್ತಿಯಾದ ಕಾಫಿ ಬಣ್ಣದ ಲೋಳೆ. ರೋಲರ್ ಕೂರೋ ಬಳೆಯಲ್ಲಿ ಸಿಡುಬಿನ ಕಲೆಯಂಥ ಗುಳಿಗಳು, ಉಗುರು ಆಡಿಸಿದರೆ ತಗುಲೋವು. ಮೇಸ್ತ್ರಿ ಬೆರಳಿಗೆ ಅದನ್ನ ಮೆತ್ತಿಕೊಂಡು, ‘ಗಾಡಿ ಎಲ್ ತೊಳೀತೀಯಪ್ಪ?’ ಅಂದರು.

‘ನಾಲೇಲಿ ಕಣಣ್ಣ.’

ಅಷ್ಟು ಸಾಕಾಯ್ತು. ಲೋಡ್ ಇಳಿಸಿ ಬರುವಾಗ ಹಬ್ ಬಿಸಿ ಇರುತ್ತೆ, ಒಳಗಿನ ಗಾಳಿ ಹಿಗ್ಗಿರುತ್ತೆ. ಹಾಗೇ ವಿಸಿ (ವಿಶ್ವೇಶ್ವರಯ್ಯ) ನಾಲೆ ನೀರಿಗೆ ಚಕ್ರ ಮುಳುಗೋ ಹಾಗೆ ಇಳಿಸಿದರೆ ಗಾಳಿ ಥಟ್ಟನೆ ಕುಗ್ಗಿ, ಗ್ರೀಸ್ ಹೊರಬರದ ಹಾಗೆ ತಡೆಯೋ ಹಳೇ ಆಯಿಲ್ ಸೀಲಿನ ಅಂಚಿಂದ ನೀರನ್ನ ಒಳಕ್ಕೆ ಎಳಕೊಳ್ಳುತ್ತೆ. ನಾನು ಬಲಗಡೆಯನ್ನೇ ಆಳಕ್ಕೆ ಇಳಿಸ್ತಿದ್ದೆ, ದಡ ಆ ಕಡೆಗೇ ಇಳಿಜಾರು. ಈಗ ಮನೆ ಮುಂದೆ ಬಕೆಟ್ಟಲ್ಲಿ ತೊಳೀತೀನಿ, ಅದೂ ಗಾಡಿ ಒಂದರ್ಧ ಗಂಟೆ ಆರಿದ ಮೇಲೆ.

ಹೊಸದು ಹಾಕುವಾಗ ಒಳಗಿನ ದೊಡ್ಡದು, ಹೊರಗಿನ ಚಿಕ್ಕದು, ಎರಡೂ ಬೇರಿಂಗ್ ಬದಲಿಸಿ, ಹೊರಬಳೆ ಸಮೇತ. ಹಳೇ ಬಳೆ ಹಬ್ಬಲ್ಲೇ ಬಿಟ್ಟು ಬರೀ ರೋಲರ್ ಬದಲಿಸೋ ಜಾಣರಿದ್ದಾರೆ, ಅದು ಬೇಗನೆ ಮತ್ತೆ ಕೂಗುತ್ತೆ. ಸೀಲ್ ಹೊಸದೇ ಇರಲಿ. ಗ್ರೀಸನ್ನ ಮೇಲೆ ಸವರಿದರೆ ಆಗಲ್ಲ. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ದಪ್ಪ ಅಂಚನ್ನ ಅದಕ್ಕೆ ಒತ್ತಿ ಒತ್ತಿ ಆ ಬದಿಯಿಂದ ಹೊರಬರೋವರೆಗೂ ತುಂಬಬೇಕು. ನಟ್ಟನ್ನ ಚಕ್ರ ತಿರುಗಿಸ್ತಾ ಬಿಗಿ ಮಾಡಿ ಕೂರಿಸಿ, ಮತ್ತೆ ಸಡಿಲಿಸಿ, ಆಮೇಲೆ ಬೆರಳಲ್ಲಿ ಬಿಗಿಯಾಗೋವಷ್ಟು ತಂದು, ನಟ್ ಬಿಚ್ಚಿಕೊಳ್ಳದ ಹಾಗೆ ತಡೆಯೋ ಸ್ಪ್ಲಿಟ್ ಪಿನ್ ಹಾಕೋದು ಸಾಮಾನ್ಯ ಕ್ರಮ. ತೂತು ಸರಿಹೊಂದದಿದ್ದರೆ ನಟ್ಟನ್ನ ಹಿಂದಕ್ಕೆ ತನ್ನಿ, ಮುಂದಕ್ಕೆ ಬಿಗೀಬೇಡಿ. ನಿಮ್ಮ ಗಾಡಿ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದೇ ಅಂತಿಮ. ಹಳೇ ಪಿನ್ನನ್ನ ನೇರ ಮಾಡಿ ಮತ್ತೆ ಹಾಕೋಕೆ ಬಿಡಬೇಡಿ.

ಅಲ್ಲೀವರೆಗೂ ಲೋಡ್ ಹಾಕಬೇಡಿ. ಎಕ್ಸ್‌ಪ್ರೆಸ್‌ವೇಗಂತೂ ಹತ್ತಿಸಲೇಬೇಡಿ, ಬೇರಿಂಗ್ ಕಚ್ಚಿಕೊಂಡರೆ ಚಕ್ರ ಕಳಚೋದೂ ಉಂಟು. ಹೊಸದು ಹಾಕಿಸಿದ ಮೇಲೆ ಹತ್ತು ಕಿಲೋಮೀಟರ್ ಖಾಲಿ ಓಡಿಸಿ, ಜಾಸ್ತಿ ಬ್ರೇಕ್ ಹಿಡಿಯದೆ ನಿಲ್ಲಿಸಿ ಹಬ್ ಮುಟ್ಟಿ. ಬೆಚ್ಚಗಿದ್ದರೆ ಸರಿ. ಕೈ ಇಡೋಕಾಗದಷ್ಟು ಸುಟ್ಟರೆ ನಟ್ ಬಿಗಿ ಜಾಸ್ತಿ, ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಮಾಡಿ.