ಹೆಣದ ಬಣ್ಣ ಎಂದವರು ಯಾರು?

ಪ್ರೀತಿಯ ಮೇಷ್ಟ್ರೇ,

ಡೊಂಬಿವಲಿಯಿಂದ ನೀವು ಬರೆದ ಕಾಗದ ಸಿಕ್ಕಿತು. ಕಳೆದ ಸಂಚಿಕೆಯಲ್ಲಿ ಬಂದ, ನಾರ್ವಾಲ್, ಬೋಹೆಡ್, ಬೆಲುಗಾ ಎಂಬ ಆರ್ಕ್ಟಿಕ್ ತಿಮಿಂಗಿಲಗಳ ಲೇಖನದ ಮೇಲೆ ನಿಮ್ಮ ತಕರಾರು ಮೂರು. ಉಪಮೆ ಜಾಸ್ತಿ. ನಾರ್ವಾಲ್‌ನ ಮೈಬಣ್ಣಕ್ಕೆ ಮುಳುಗಿ ಸತ್ತವರ ಹೆಣದ ಹೋಲಿಕೆ ಯಾಕೆ? ಬೋಹೆಡ್ ತಿಮಿಂಗಿಲವನ್ನು 'ಅವಳು' ಎಂದದ್ದು ಯಾಕೆ?

ಕೊನೆಯದನ್ನು ಒಪ್ಪಿದೆ. ಇಂಗ್ಲಿಷಿನವರಿಗೆ 'ಅದು' ಎಂದರೆ ಪ್ರಾಣಿ ದೂರವಾದಂತೆ ಅನಿಸಬಹುದು. ನಾವು ಮನೆಯ ಮಗುವನ್ನೇ 'ಅದು ಮಲಗಿದೆ' ಅಂತೀವಿ, ಅಲ್ವಾ? ಕನ್ನಡದ 'ಅದು'ವಿನಲ್ಲೇ ಬೇಕಾದಷ್ಟು ಅಕ್ಕರೆ ಇದೆ.

ಹೆಣದ ಹೋಲಿಕೆ ಲೇಖಕರ ಕಲ್ಪನೆಯಲ್ಲ. ಅದು ಹೆಸರಿನೊಳಗೇ ಕೂತಿದೆ. ಉತ್ತರ ಯುರೋಪಿನ ಹಳೆಯ ನಾರ್ಸ್ ಭಾಷೆಯಲ್ಲಿ 'ನಾರ್' ಎಂದರೆ ಹೆಣ. ಬೂದು ಮಚ್ಚೆಯ ಆ ಮೈ ನೋಡಿ ನಾವಿಕರಿಗೆ ನೆನಪಾದದ್ದು ನೀರುಪಾಲಾದ ಮನುಷ್ಯರು. ಆದರೆ ಅದೇ ಪ್ರಾಣಿಯ ಜೊತೆ ಬದುಕಿದ ಗ್ರೀನ್‌ಲ್ಯಾಂಡಿನ ಜನ ಬೆಲುಗಾಕ್ಕೂ ನಾರ್ವಾಲ್‌ಗೂ 'ಕಿಲಾಲುಗಾಕ್' ಎಂದೇ ಹೇಳುತ್ತಾರೆ. ಬೆಲುಗಾ ಬಿಳಿಯದು, ನಾರ್ವಾಲ್ ಕರಿಯದು, ಅಷ್ಟೇ. ನಮ್ಮ ಊರ ಕೊಟ್ಟಿಗೆಯಲ್ಲಿ ಹಸುವಿಗೆ ಕೆಂಪಿ, ಕಾಳಿ ಎಂದ ಹಾಗೆ. ಈ ಎರಡನೇ ಹೆಸರನ್ನೂ ಲೇಖನದಲ್ಲಿ ಕೊಡಬೇಕಿತ್ತು. ಹೆದರಿದವರ ಮಾತೊಂದೇ ಉಳಿದರೆ ಪ್ರಾಣಿಗೆ ಅನ್ಯಾಯ.

ನಮ್ಮ ಮಾತೂ ಹಾಗೇ ಇದೆ ನೋಡಿ. 'ತಿಮಿ' ಎಂದರೆ ದೊಡ್ಡ ಮೀನು. ಅದನ್ನೂ ನುಂಗುವುದು ತಿಮಿಂಗಿಲ. ಹಗರಣದ ಸುದ್ದಿಗಳಲ್ಲಿ ದುಡ್ಡು ನುಂಗಿದವರೆಲ್ಲ ತಿಮಿಂಗಿಲಗಳೇ. ಆದರೆ ಬೋಹೆಡ್‌ಗೆ ಹಲ್ಲೇ ಇಲ್ಲ. ಬಾಯಿ ತೆರೆದು ನಿಧಾನವಾಗಿ ಈಜುತ್ತಾ ನೀರು ಸೋಸುತ್ತದೆ. ಅದಕ್ಕೆ ಸಿಗುವ ಜೀವಿಗಳು ಬಹುತೇಕ ಅಕ್ಕಿ ಕಾಳಿಗಿಂತ ದೊಡ್ಡವಲ್ಲ.

ಉಪಮೆಯ ವಿಷಯಕ್ಕೆ ಬರುತ್ತೇನೆ. ನನಗೆ ಉಪಮೆ ಬೇಕು, ಆದರೆ ಅದು ವಸ್ತುವನ್ನು ಕೈಗೆ ಸಿಗುವ ಹಾಗೆ ಮಾಡಬೇಕು. ಬೋಹೆಡ್‌ನ ಚರ್ಮದಡಿಯ ಕೊಬ್ಬು ಸುಮಾರು 50 ಸೆಂಟಿಮೀಟರಿನವರೆಗೂ ದಪ್ಪ ಇರುತ್ತದೆ. ಮುಂಬೈಯ ಮಾಟುಂಗಾದಲ್ಲಿ ಹೂವಿನವರು ಮೊಣಕೈಯಿಂದ ಬೆರಳ ತುದಿಗೆ ಮಾಲೆ ಎಳೆದು ಅಳೆಯುತ್ತಾರಲ್ಲ, ಆ ಒಂದು ಮೊಳಕ್ಕಿಂತ ತುಸು ಜಾಸ್ತಿ. ಉದ್ದ ಸುಮಾರು 18 ಮೀಟರಿನವರೆಗೆ. ನೀವು ದಿನಾ ಹತ್ತುತ್ತಿದ್ದ ಲೋಕಲ್ ರೈಲಿನ ಒಂದು ಡಬ್ಬಿಗಿಂತ ಸ್ವಲ್ಪ ಗಿಡ್ಡ. ಇಂಥ ಹೋಲಿಕೆ ಎಷ್ಟಿದ್ದರೂ ನಾನು ಹೊಡೆದುಹಾಕುವುದಿಲ್ಲ.

ಹೊಡೆದುಹಾಕಬೇಕಾದದ್ದು ಬೇರೆ ಇತ್ತು. 2007ರಲ್ಲಿ ಅಲಾಸ್ಕಾದಲ್ಲಿ ಹಿಡಿದ ಬೋಹೆಡ್ ಒಂದರ ಮೈಯಲ್ಲಿ ಈಟಿಗುಂಡಿನ (ತಿಮಿಂಗಿಲ ಬೇಟೆಗೆ ಹಾರಿಸುವ, ಒಳಹೊಕ್ಕು ಸಿಡಿಯುವ ಈಟಿಯ) ತುಂಡು ಸಿಕ್ಕಿತು. ಅದು ತಯಾರಾದದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ನೂರು ವರ್ಷಕ್ಕೂ ಹಿಂದಿನ ಗಾಯವನ್ನು ಒಳಗಿಟ್ಟುಕೊಂಡೇ ಆ ಜೀವ ಈಜಾಡಿತ್ತು. ಇದನ್ನು ಓದಿದ ದಿನ ನಾನು ತುಂಬ ಹೊತ್ತು ಸುಮ್ನೆ ಕೂತಿದ್ದೆ. ಲೇಖನದಲ್ಲಿ ಅದರ ಪಕ್ಕದಲ್ಲೇ 'ಕಾಲಾತೀತ ಹಿಮಸಮ್ರಾಜ್ಞಿ' ಎಂಬ ಮಾತಿತ್ತು. ಅದು ಬೇಕಿರಲಿಲ್ಲ. ನನ್ನ ಕಣ್ಣು ತಪ್ಪಿತು, ಕ್ಷಮಿಸಿ.

ಬೆಲುಗಾವನ್ನು 'ಸಮುದ್ರದ ಕ್ಯಾನರಿ' ಎಂದದ್ದೂ ಹಳೆಯ ನಾವಿಕರೇ. ಕ್ಯಾನರಿ ಎಂಬ ಹಾಡುಹಕ್ಕಿಯನ್ನು ನಮ್ಮಲ್ಲಿ ಎಷ್ಟು ಜನ ಕೇಳಿದ್ದಾರೆ? ಧ್ವನಿಮುದ್ರಣ ಕೇಳಿದಾಗ ನನ್ನ ಕಿವಿಗೆ ಬಂದದ್ದು ಸಿಳ್ಳೆ, ಕಿಚಕಿಚ, ಒದ್ದೆ ಗಾಜಿನ ಮೇಲೆ ಬೆರಳು ಉಜ್ಜಿದ ಸದ್ದು. ಹಾಗೇ ಬರೆದರೆ ಸಾಕಿತ್ತು.

ಮುಂದಿನ ಕಂತು ನಾರ್ವಾಲ್‌ನ 'ಕೊಂಬಿ'ನ ಬಗ್ಗೆ. ನಿಜಕ್ಕೂ ಅದು ಮೇಲ್ತುಟಿ ಸೀಳಿಕೊಂಡು ತಿರುಚುತ್ತಾ ಬೆಳೆದ ಎಡಗಡೆಯ ಹಲ್ಲು. ಪ್ರೂಫಿನಲ್ಲಿ 'ಕೊಂಬು' ಎಂದಿದ್ದ ಕಡೆಯೆಲ್ಲ 'ಹಲ್ಲು' ಎಂದು ತಿದ್ದಿ ಈಗಷ್ಟೇ ಪ್ರೆಸ್ಸಿಗೆ ಕಳಿಸಿದೆ.

— ಸಂಪಾದಕ